ಹುಸಿ ನಾಣ್ಯವೂ ಹುಸಿ ವರ್ಣನೆಯೂ

ಚಿನಿವಾರನ ಗದ್ದಿಗೆಯ ಮುಂದೆ ಕುಳಿತು ನಾಣ್ಯವನ್ನು ಕೊಳ್ಳುತ್ತಿದ್ದ ಕಾಲದಲ್ಲಿ ನಾಣ್ಯಪರೀಕ್ಷೆಯೆಂಬುದು ಕಣ್ಣು, ಕಿವಿ, ಕೈ ಈ ಮೂರೂ ಕೂಡಿ ನಡೆಸುತ್ತಿದ್ದ ವ್ಯಾಪಾರವಾಗಿದ್ದಿತು. ಆತನು ರೂಪಾಯಿಯನ್ನು ಕಲ್ಲಿನ ಮೇಲೆ ಚಿಮ್ಮಿ ಅದರ ನಾದವನ್ನು ಕೇಳುತ್ತಿದ್ದನು. ಅಂಗೈಯಲ್ಲಿಟ್ಟು ತೂಕವನ್ನು ಅಂದಾಜುಮಾಡುತ್ತಿದ್ದನು. ಅಂಚನ್ನು ಉಗುರಿನಿಂದ ಸವರಿ, ಸಂಶಯವುಳಿದರೆ ಒರೆಗಲ್ಲಿಗೆ ತಿಕ್ಕಿ, ಆಮೇಲೆ ಬೆಲೆಯ ಮಾತನ್ನೆತ್ತುತ್ತಿದ್ದನು. ಅಂತರ್ಜಾಲದ ಹರಾಜಿನಲ್ಲಿ ಈ ಅನುಕೂಲಗಳೊಂದೂ ಇಲ್ಲ. ಅಲ್ಲಿ ಕೊಳ್ಳುವವನಿಗೆ ದೊರೆಯತಕ್ಕದ್ದು ಎರಡೇ: ಮಾರುವವನು ತನಗೊಪ್ಪುವ ಬೆಳಕಿನಲ್ಲಿ ತೆಗೆದ ಚಿತ್ರವೊಂದು, ಅವನೇ ತನಗೊಪ್ಪುವ ಮಾತಿನಲ್ಲಿ ಬರೆದ ವರ್ಣನೆಯೊಂದು. ಕನ್ನಡಿಯೊಳಗಿನ ಗಂಟಿಗೆ ಕೈಗಂಟಿನ ಹಣವನ್ನು ತೆರುವ ಈ ವ್ಯವಹಾರವು ಈಗ ದೇಶದೇಶಗಳಲ್ಲಿ ಹಬ್ಬಿರುವುದರಿಂದ, ಅದರಲ್ಲಿ ಕೈಯಿಡುವವರು ಸ್ವಲ್ಪ ವಿಚಾರಮಾಡುವುದು ಒಳ್ಳೆಯದು.

ಮೋಸಕ್ಕೆ ಇಲ್ಲಿ ಎರಡು ದಾರಿಗಳುಂಟು. ನಾಣ್ಯವೇ ಹುಸಿಯಾಗಿರಬಹುದು, ಅಥವಾ ನಾಣ್ಯವು ಸಾಚಾ ಆಗಿದ್ದು ಅದನ್ನು ಕುರಿತ ಮಾತು ಹುಸಿಯಾಗಿರಬಹುದು. ಮೊದಲನೆಯದನ್ನು ಕಂಡುಹಿಡಿಯಲು ತಕ್ಕಡಿ, ಭೂತಗನ್ನಡಿ, ರಸಾಯನವಿದ್ಯೆಗಳು ಬೇಕೆಂದೂ, ಅವು ತಜ್ಞರ ಪಾಲಿನ ವಿದ್ಯೆಗಳೆಂದೂ ಸಾಮಾನ್ಯರು ಭಾವಿಸಿ ಕೈಬಿಡುವುದುಂಟು. ಆದರೆ ಹುಸಿ ನಾಣ್ಯಗಳಲ್ಲಿ ಬಹುಭಾಗವು ಲೋಹಪರೀಕ್ಷೆಯ ಹಂತಕ್ಕೆ ಬರುವ ಮೊದಲೇ, ಅದರ ಮೇಲಿನ ಹೆಸರು, ಇಸವಿ, ಲಿಪಿ, ಮೌಲ್ಯಗಳನ್ನು ಆ ಕಾಲದ ಚರಿತ್ರೆಯ ಪಕ್ಕದಲ್ಲಿಟ್ಟು ನೋಡಿದ ಮಾತ್ರಕ್ಕೆ, ಸಿಕ್ಕಿಬೀಳುವಂಥದು. ನಾಣ್ಯವೆಂಬುದು ಒಂದು ರಾಜ್ಯವು ತನ್ನ ಅಧಿಕಾರದಿಂದ ಹೊರಡಿಸಿದ ಶಾಸನ. ಶಾಸನವನ್ನು ಹೇಗೆ ಓದಬೇಕೋ ಹಾಗೆ ಅದನ್ನು ಓದಬಲ್ಲವನಿಗೆ ಚಿತ್ರವೂ ಸಾಕಾಗುತ್ತದೆ.

ಅಂತರ್ಜಾಲದಲ್ಲಿ ಪದೇ ಪದೇ ಕಣ್ಣಿಗೆ ಬೀಳುವ ಒಂದು ವಸ್ತುವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಒಂದು ಮುಖದಲ್ಲಿ ಶ್ರೀರಾಮಪಟ್ಟಾಭಿಷೇಕ, ಇಲ್ಲವೆ ಪರ್ವತವನ್ನು ಹೊತ್ತ ಹನುಮಂತ, ಇನ್ನೊಂದು ಮುಖದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹೆಸರು, ಅರ್ಧ ಆಣೆ, ಒಂದಾಣೆ ಅಥವಾ ಎರಡಾಣೆ ಎಂಬ ಮೌಲ್ಯ, 1616, 1717, 1818 ಮೊದಲಾದ ಯಾವುದೋ ಒಂದು ಇಸವಿ, ಕೆಲವದರಲ್ಲಿ ಯು.ಕೆ.ಎಲ್. ಎಂಬ ಅರ್ಥವಾಗದ ಮೂರು ಅಕ್ಷರಗಳು. ವರ್ಣನೆಯಲ್ಲಿ ‘ಅತ್ಯಂತ ಪುರಾತನ, ದೈವಶಕ್ತಿಯುಳ್ಳದ್ದು, ಲಕ್ಷಾಂತರ ಬೆಲೆಯದು’ ಎಂಬ ಒಕ್ಕಣೆ. ಇನ್ನೂ ಮುಂದುವರಿದ ವಂಚಕರು ಈ ಬಿಲ್ಲೆಯು ಅಕ್ಕಿಯ ಕಾಳನ್ನು ತನ್ನತ್ತ ಸೆಳೆಯುತ್ತದೆಂದು ಹೇಳಿ, ಕಬ್ಬಿಣದ ಚೂರು ಸೇರಿಸಿದ ಅಕ್ಕಿಯನ್ನೂ ಅಡಗಿಸಿಟ್ಟ ಅಯಸ್ಕಾಂತವನ್ನೂ ಉಪಯೋಗಿಸಿ, ‘ರೈಸ್ ಪುಲ್ಲಿಂಗ್’ ಎಂಬ ಹೆಸರಿನಲ್ಲಿ ಸಂಸಾರಗಳನ್ನೇ ಮುಳುಗಿಸಿದ ಪ್ರಕರಣಗಳು ಕರ್ನಾಟಕದ ಪೊಲೀಸರಿಗೂ ಅಪರಿಚಿತವಲ್ಲ.

ಈ ಬಿಲ್ಲೆಯನ್ನು ಕಂಡುಹಿಡಿಯಲು ತಕ್ಕಡಿ ಬೇಕಿಲ್ಲ. 1616ರಲ್ಲಿ ಕಂಪನಿಯ ಪರವಾಗಿ ಸರ್ ಥಾಮಸ್ ರೋ ಎಂಬ ರಾಯಭಾರಿ ಜಹಾಂಗೀರನ ಆಸ್ಥಾನದಲ್ಲಿ ವ್ಯಾಪಾರದ ಅನುಮತಿಗಾಗಿ ಕೈಕಟ್ಟಿ ನಿಂತಿದ್ದನು. ಅಂಥ ಕಂಪನಿ ತನ್ನ ಹೆಸರಿನಲ್ಲಿ ಆಣೆಗಳನ್ನು ಮುದ್ರಿಸಿ ಹಿಂದೂಸ್ಥಾನದಲ್ಲಿ ಚಲಾಯಿಸುವುದು ಯೋಚಿಸಲೂ ಆಗದ ಮಾತು. 1717ರಲ್ಲಿ ಫರೂಖ್‌ಸಿಯರ್ ಬಾದಶಹನು ಕಂಪನಿಗೆ ಫರ್ಮಾನನ್ನು ದಯಪಾಲಿಸಿದುದು ನಿಜ. ಆದರೆ ಆಮೇಲೆ ಮುಂಬಯಿಯ ಟಂಕಸಾಲೆಯಿಂದ ಹೊರಟ ರೂಪಾಯಿಗಳು ಹೊತ್ತದ್ದು ಬಾದಶಹನ ಹೆಸರನ್ನು, ಪಾರಸಿಯ ಅಕ್ಷರಗಳಲ್ಲಿ. 1818ಕ್ಕೆ ಬಂದರೆ ಸಂಗತಿ ಇನ್ನೂ ಸ್ವಾರಸ್ಯವಾಗಿದೆ. ಆಗ ಕಂಪನಿಯು ಬಹುಪಾಲು ಭರತಖಂಡದ ಒಡೆಯನಾಗಿದ್ದರೂ ಬಂಗಾಳದಲ್ಲಿ ಅದು ಹೊರಡಿಸುತ್ತಿದ್ದ ಸಿಕ್ಕಾ ರೂಪಾಯಿಯು, 1806ರಲ್ಲಿಯೇ ತೀರಿಕೊಂಡಿದ್ದ ಎರಡನೆಯ ಷಾ ಆಲಂ ಬಾದಶಹನ ಹೆಸರನ್ನೂ ಅವನ ಆಳ್ವಿಕೆಯ 19ನೆಯ ವರ್ಷವನ್ನೂ ಬದಲಿಸದೆ ಹೊತ್ತು ಬರುತ್ತಿತ್ತು. ಜನರು ನಂಬಿದ ನಾಣ್ಯದ ರೂಪವನ್ನು ಕದಲಿಸಿದರೆ ವ್ಯಾಪಾರ ಕೆಡುವುದೆಂಬ ವರ್ತಕಬುದ್ಧಿಯೇ ಇದಕ್ಕೆ ಕಾರಣ. ಇಂಗ್ಲೆಂಡಿನ ದೊರೆಯ ತಲೆಯನ್ನೂ ಕಂಪನಿಯ ಹೆಸರನ್ನೂ ಹೊತ್ತ ಏಕರೂಪದ ರೂಪಾಯಿ ಎಲ್ಲ ಪ್ರಾಂತಗಳಿಗೂ ಬಂದುದು 1835ರ 17ನೆಯ ಕಾಯಿದೆಯಿಂದ. ಆ ಪದ್ಧತಿಯಲ್ಲಿ ಕೂಡ ಒಂದಾಣೆಯ ನಾಣ್ಯವೆಂಬುದೇ ಇರಲಿಲ್ಲ. ಅಂಚಿನಲ್ಲಿ ಅಲೆಗಳುಳ್ಳ, ತಾಮ್ರ ನಿಕಲ್‌ಗಳ ಮಿಶ್ರಲೋಹದ ಒಂದಾಣೆ ನಮ್ಮ ಜನರ ಕೈಗೆ ಬಂದುದು ಏಳನೆಯ ಎಡ್ವರ್ಡನ ಕಾಲದಲ್ಲಿ, 1907ರ ತಾರೀಖಿನಿಂದ ಮೊದಲಾಗಿ. ಹೀಗೆ ಇಸವಿ, ಹೆಸರು, ಮೌಲ್ಯ ಈ ಮೂರೂ ಒಂದಕ್ಕೊಂದು ಸಾಕ್ಷಿ ನುಡಿಯದೆ ಜಗಳವಾಡುವ ವಸ್ತುವನ್ನು ನಾಣ್ಯವೆನ್ನಲಾಗದು. ಅದು ಯಾವನೋ ಕಂಚುಗಾರನ ಕಲ್ಪನಾವಿಲಾಸ.

ಹಾಗಾದರೆ ರಾಮನ ಪಟ್ಟಾಭಿಷೇಕವನ್ನು ಹೊತ್ತ ಹಳೆಯ ಬಿಲ್ಲೆಗಳೆಲ್ಲವೂ ಸುಳ್ಳೆ ಎಂದು ಕೇಳಿದರೆ, ಅಲ್ಲ. ರಾಮಟಂಕಿಗಳೆಂದು ಹೆಸರಾದ ಚಿನ್ನಬೆಳ್ಳಿಯ ಬಿಲ್ಲೆಗಳು, ಹಲವು ಬಟ್ಟಲಿನಂತೆ ಸ್ವಲ್ಪ ತಗ್ಗಾದವು, ದೇವಸ್ಥಾನಗಳಲ್ಲಿಯೂ ಮನೆಗಳ ದೇವರ ಪೆಟ್ಟಿಗೆಗಳಲ್ಲಿಯೂ ಪೂಜೆಗೊಳ್ಳುತ್ತಿದ್ದುದುಂಟು, ಈಗಲೂ ಉಂಟು. ಅವು ಪೂಜಾದ್ರವ್ಯಗಳು, ಸಂತೆಯಲ್ಲಿ ರಾಗಿಯನ್ನು ಕೊಂಡ ಹಣಗಳಲ್ಲ. ಅವುಗಳಲ್ಲಿ ಹಳೆಯವೂ ಇವೆ, ನಿನ್ನೆ ಅಚ್ಚೊತ್ತಿದವೂ ಇವೆ. ಪೂಜೆಯ ಟಂಕಿಯನ್ನು ಪೂಜೆಯ ಟಂಕಿಯೆಂದೇ ಮಾರಿದರೆ ದೋಷವಿಲ್ಲ. ಅದನ್ನು ‘ವಿಜಯನಗರದ ಚಲಾವಣೆಯ ನಾಣ್ಯ’ವೆಂದು ಕರೆದ ಕ್ಷಣದಲ್ಲಿ ವಸ್ತು ಸಾಚಾ ಆಗಿದ್ದರೂ ವ್ಯಾಪಾರ ಖೋಟಾ ಆಯಿತು.

ಚರಿತ್ರೆಯ ಈ ಒರೆಗಲ್ಲನ್ನು ಉಪಯೋಗಿಸುವವನು ಒಂದು ಎಚ್ಚರವನ್ನು ವಹಿಸಬೇಕು. ನಮ್ಮ ಊಹೆಯನ್ನೇ ಚರಿತ್ರೆಯೆಂದು ತಿಳಿಯಬಾರದು. ಮುಸಲ್ಮಾನ ದೊರೆಯ ನಾಣ್ಯದಲ್ಲಿ ಶಿವಪಾರ್ವತಿಯರಿರಲಾರರೆಂದು ಯಾವನಾದರೂ ಊಹಿಸಿ ಹೈದರ್ ಅಲಿಯ ವರಹವನ್ನು ಖೋಟಾ ಎಂದು ತಳ್ಳಿದರೆ ನಷ್ಟ ಅವನದೇ. 1763ರಲ್ಲಿ ಬಿದನೂರನ್ನು ಗೆದ್ದ ಮೇಲೆ ಹೈದರನು ಇಕ್ಕೇರಿಯ ವರಹದ ಶಿವಪಾರ್ವತಿಯರನ್ನು ಒಂದು ಮುಖದಲ್ಲಿ ಹಾಗೆಯೇ ಉಳಿಸಿ, ಇನ್ನೊಂದು ಮುಖದಲ್ಲಿ ತನ್ನ ಹೆಸರಿನ ಮೊದಲ ಪಾರಸಿ ಅಕ್ಷರವೊಂದನ್ನು ಮಾತ್ರ ಒತ್ತಿಸಿದನು. ಕಂಪನಿಯ ನಾಣ್ಯದಲ್ಲಿ ಹಿಂದೂ ದೇವತೆ ಎಂದೂ ಇರಲಿಲ್ಲವೆಂದರೂ ತಪ್ಪಾಗುತ್ತದೆ. ಮದರಾಸಿನ ಟಂಕಸಾಲೆಯಿಂದ ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಹೊರಟ ವರಹಗಳಲ್ಲಿ, ಬೆಳ್ಳಿಯ ಅರ್ಧ ವರಹ, ಕಾಲು ವರಹಗಳಲ್ಲಿ, ಒಂದೆಡೆ ನಕ್ಷತ್ರಗಳ ನಡುವೆ ದೇವಾಲಯದ ಗೋಪುರವೂ ಇನ್ನೊಂದೆಡೆ ಕಮಲದಿಂದ ಮೇಲೆದ್ದ ವಿಷ್ಣುವೂ ಕಾಣುತ್ತಾರೆ. ಸುತ್ತಲೂ ಇಂಗ್ಲಿಷ್, ಪಾರಸಿ, ತಮಿಳು, ತೆಲುಗು ಲಿಪಿಗಳಲ್ಲಿ ಮೌಲ್ಯವನ್ನು ಬರೆದಿದೆ. ಅಸಂಭವವೆಂದು ತೋರುವುದು ನಿಜವಾಗಿರಬಹುದು, ಸಹಜವೆಂದು ತೋರುವುದು ಹುಸಿಯಾಗಿರಬಹುದು. ತೀರ್ಪನ್ನು ಹೇಳತಕ್ಕದ್ದು ನಮ್ಮ ಭಾವನೆಯಲ್ಲ, ಆ ಟಂಕಸಾಲೆ ಆ ವರ್ಷದಲ್ಲಿ ಏನನ್ನು ಅಚ್ಚೊತ್ತಿತೆಂಬ ದಾಖಲೆ. ಜೆ. ಆರ್. ಹೆಂಡರ್ಸನ್ನರು 1921ರಲ್ಲಿ ಹೈದರ್ ಟಿಪ್ಪುಗಳ ನಾಣ್ಯಗಳನ್ನು ಕುರಿತು ಬರೆದ ಗ್ರಂಥವೂ, ಎ. ವಿ. ನರಸಿಂಹಮೂರ್ತಿಗಳು ಕರ್ನಾಟಕದ ನಾಣ್ಯಗಳನ್ನು ಕುರಿತು ಬರೆದ ಗ್ರಂಥವೂ ಈ ಕೆಲಸಕ್ಕೆ ಇಂದಿಗೂ ಒದಗುವಂಥವು.

ಟಿಪ್ಪು ಸುಲ್ತಾನನ ನಾಣ್ಯಗಳು ಇದಕ್ಕೆ ಒಳ್ಳೆಯ ನಿದರ್ಶನ. ಸುಂದರವಾದ ಅಕ್ಷರ, ಆನೆಯ ಚಿತ್ರ, ಬಹು ಊರುಗಳ ಟಂಕಸಾಲೆ, ಒಡೆಯನ ದುರಂತದ ಕಥೆ ಇವೆಲ್ಲ ಕೂಡಿ ಅವಕ್ಕೆ ವಿಶೇಷವಾದ ಬೇಡಿಕೆಯನ್ನು ತಂದಿವೆಯಾದುದರಿಂದ ಅವುಗಳ ಅನುಕರಣಗಳೂ ಹೇರಳವಾಗಿವೆ. ಆಳ್ವಿಕೆಯ ಮೊದಲ ವರ್ಷಗಳಲ್ಲಿ ಟಿಪ್ಪು ಹಿಜರಿ ಶಕೆಯನ್ನು ಎಲ್ಲರಂತೆಯೇ ಬರೆಸಿದನು. ಆಮೇಲೆ, 1215ನೆಯ ವರ್ಷದಿಂದ, ಪ್ರವಾದಿಗಳ ಜನನದಿಂದ ಎಣಿಸುವ ಮೌಲೂದಿ ಶಕೆಯೊಂದನ್ನು ತಾನೇ ಏರ್ಪಡಿಸಿ, ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಿಸತೊಡಗಿದನು. ಆದುದರಿಂದ ಆ ಶಕೆಯ 1218 ಎಂಬುದು ನಮ್ಮ ಕಣ್ಣಿಗೆ 8121 ಎಂಬ ಕ್ರಮದಲ್ಲಿ ಕಾಣಬೇಕು. ಈ ಸೂಕ್ಷ್ಮವನ್ನರಿಯದ ಅಚ್ಚುಗಾರನು ಅಂಕಿಗಳನ್ನು ರೂಢಿಯ ಕ್ರಮದಲ್ಲಿಯೇ ಕೆತ್ತಿಬಿಡುತ್ತಾನೆ. ಇಲ್ಲವೆ ಹಿಜರಿಯ ಕಾಲದ ಇಸವಿಯನ್ನು ಮೌಲೂದಿಯ ಕಾಲದ ಅಚ್ಚಿಗೆ ಕೂಡಿಸುತ್ತಾನೆ. ಅಥವಾ ಶ್ರೀರಂಗಪಟ್ಟಣದ ಟಂಕಸಾಲೆಯ ‘ಪಟನ್’ ಎಂಬ ಹೆಸರನ್ನು ಅಕ್ಷರಜ್ಞಾನವಿಲ್ಲದೆ ಚಿತ್ರದಂತೆ ನಕಲುಮಾಡಿ ಚುಕ್ಕೆಗಳನ್ನು ಎಲ್ಲೆಂದರಲ್ಲಿ ಚೆಲ್ಲುತ್ತಾನೆ. ಎರಡು ಪೈಸೆಯ ಆನೆಯ ತಾಮ್ರನಾಣ್ಯ ಇಪ್ಪತ್ತೆರಡು ಇಪ್ಪತ್ತಮೂರು ಗ್ರಾಂ ತೂಗುವ ಭಾರವಾದ ವಸ್ತು. ಹನ್ನೆರಡು ಗ್ರಾಂ ತೂಗುವ ‘ಎರಡು ಪೈಸೆ’ಯನ್ನು ಯಾರಾದರೂ ಮಾರುತ್ತಿದ್ದರೆ ಅದು ಒಂದು ಪೈಸೆಯ ತಪ್ಪು ವರ್ಣನೆಯೋ, ನಕಲೋ ಎಂಬ ಪ್ರಶ್ನೆಯನ್ನು ಕೇಳಲೇಬೇಕು.

ಇದುವರೆಗೆ ಹೇಳಿದುದು ಮೊದಲಿನಿಂದಲೂ ಸುಳ್ಳಾದ ವಸ್ತುಗಳ ಮಾತು. ಇದಕ್ಕಿಂತ ನಯವಾದ ಮೋಸವೊಂದುಂಟು. ಅದರಲ್ಲಿ ನಾಣ್ಯ ಸರಕಾರದ ಟಂಕಸಾಲೆಯದೇ, ಸುಳ್ಳಾದುದು ಒಂದೇ ಒಂದು ಅಂಕಿ. ಐದನೆಯ ಜಾರ್ಜನ 1911ರ ರೂಪಾಯಿಯನ್ನು ನೋಡಿ. ದೊರೆಯ ನಿಲುವಂಗಿಯ ಮೇಲೆ ಪದಕದ ಸರದಲ್ಲಿ ಕೆತ್ತಿದ್ದ ಆನೆಯು ಕುಳ್ಳಗಾಲಿನಿಂದಲೂ ಮೊಟಕಾದ ಸೊಂಡಿಲಿನಿಂದಲೂ ಹಂದಿಯಂತೆ ಕಂಡು, ಮುಸಲ್ಮಾನ ಪ್ರಜೆಗಳು ಅದಕ್ಕೆ ಆಕ್ಷೇಪಿಸಲಾಗಿ, ಸರಕಾರವು ಆ ರೂಪಾಯಿಯ ಚಲಾವಣೆಯನ್ನು ನಿಲ್ಲಿಸಿ, 1912ರಿಂದ ಆನೆಯನ್ನು ಆನೆಯಂತೆಯೇ ಕಾಣುವ ಹಾಗೆ ತಿದ್ದಿಸಿತು. ಇದರಿಂದ 1911ರ ರೂಪಾಯಿಗೆ ಬೆಲೆ ಬಂದಿತು. ಬೆಲೆ ಬಂದೊಡನೆ, ಬೇರೆ ವರ್ಷದ ರೂಪಾಯಿಯ ಕೊನೆಯ ಅಂಕಿಯನ್ನು ಕೆರೆದೋ ಬೆಸೆದೋ 1911 ಮಾಡುವ ಕೈಗಳೂ ಹುಟ್ಟಿದವು. ಇಂಥ ನಾಣ್ಯದಲ್ಲಿ ಇಸವಿಯನ್ನು ದಿಟ್ಟಿಸುವುದಕ್ಕಿಂತ ಮುಖವನ್ನು ತಿರುಗಿಸಿ ಆನೆಯನ್ನು ನೋಡುವುದು ಲೇಸು: ಇಸವಿ 1911 ಎಂದು ಹೇಳಿ ಆನೆ ತಿದ್ದಿದ ಆನೆಯಾಗಿದ್ದರೆ, ಆ ರೂಪಾಯಿ ತನ್ನ ವಿರುದ್ಧವಾಗಿ ತಾನೇ ಸಾಕ್ಷಿ ಹೇಳಿದಂತಾಯಿತು.

ಆರನೆಯ ಜಾರ್ಜನ 1939ರ ರೂಪಾಯಿಯದೂ ಇದೇ ಕಥೆ. 1835ರಿಂದ 1939ರವರೆಗೆ ನಮ್ಮ ರೂಪಾಯಿ 11.66 ಗ್ರಾಂ ತೂಕದ, ಹನ್ನೆರಡರಲ್ಲಿ ಹನ್ನೊಂದು ಭಾಗ ಬೆಳ್ಳಿಯುಳ್ಳ ನಾಣ್ಯ. 1940ರಲ್ಲಿ, ಯುದ್ಧಕಾಲದ ಒತ್ತಡದಲ್ಲಿ, ತೂಕವನ್ನು ಉಳಿಸಿ ಬೆಳ್ಳಿಯನ್ನು ಅರ್ಧಕ್ಕಿಳಿಸಿ, ಅಂಚಿನ ಗೆರೆಗಳ ನಡುವೆ ಖೋಟಾತಡೆಯ ಕಾಲುವೆಯೊಂದನ್ನು ಕೊರೆಯಿಸಿದರು. ಪೂರ್ಣ ಬೆಳ್ಳಿಯ ಕೊನೆಯ ವರ್ಷದ ರೂಪಾಯಿ ಬಹು ವಿರಳವಾದುದರಿಂದ, 1938ರ ಎಂಟನ್ನು ಒಂಬತ್ತು ಮಾಡುವ ಕಸಬು ನಡೆಯುತ್ತಲೇ ಇದೆ. ಹಾಗೆ ಮಾಡಿದೆಡೆಯಲ್ಲಿ ಅಂಕಿಯ ಸುತ್ತಣ ಬಯಲು ಕೆರೆದ ಗುರುತನ್ನೋ, ಅಸ್ವಾಭಾವಿಕವಾದ ನುಣುಪನ್ನೋ ತೋರುತ್ತದೆ. ಅರ್ಧ ಬೆಳ್ಳಿಯ ರೂಪಾಯಿಯನ್ನೇ ತಿದ್ದಿದ್ದರೆ ಅಂಚಿನ ಕಾಲುವೆ ಅದನ್ನು ಹಿಡಿದುಕೊಡುತ್ತದೆ. ಮಾರುವವನು ಅಂಚಿನ ಚಿತ್ರವನ್ನು ಕೊಡದಿದ್ದರೆ ಕೇಳಬೇಕು. ಕೇಳಿದ ಮೇಲೂ ಕೊಡದಿದ್ದರೆ ಅದೂ ಒಂದು ಉತ್ತರವೇ.

ನಾಣ್ಯ ಕೈಗೆ ಬಂದ ಮೇಲೆ ಮನೆಯಲ್ಲಿಯೇ ನಡೆಸಬಹುದಾದ ಲೋಹಪರೀಕ್ಷೆಯೊಂದಿದೆ. ಗ್ರಾಮಿನ ನೂರನೆಯ ಒಂದು ಭಾಗವನ್ನು ತೋರುವ ಸಣ್ಣ ತಕ್ಕಡಿ, ಒಂದು ಲೋಟ ನೀರು, ಒಂದು ಎಳೆ ದಾರ ಇದ್ದರೆ ಸಾಕು. ಮೊದಲು ನಾಣ್ಯವನ್ನು ತೂಗಿ, ಆಮೇಲೆ ನೀರಿನ ಲೋಟವನ್ನು ತಕ್ಕಡಿಯ ಮೇಲಿಟ್ಟು ಅಂಕಿಯನ್ನು ಸೊನ್ನೆಗೆ ತಂದು, ನಾಣ್ಯವನ್ನು ದಾರದಲ್ಲಿ ತೂಗುಬಿಟ್ಟು, ತಳಕ್ಕೂ ಗೋಡೆಗೂ ತಾಗದಂತೆ ನೀರಿನಲ್ಲಿ ಮುಳುಗಿಸಿದರೆ ತಕ್ಕಡಿಯು ನಾಣ್ಯವು ತಳ್ಳಿದ ನೀರಿನ ತೂಕವನ್ನು ತೋರಿಸುತ್ತದೆ. 11.66 ಗ್ರಾಮಿನ ಹಳೆಯ ಬೆಳ್ಳಿಯ ರೂಪಾಯಿ ಸುಮಾರು 1.13 ಗ್ರಾಂ ನೀರನ್ನು ತಳ್ಳಬೇಕು; ಅರ್ಧ ಬೆಳ್ಳಿಯದಾದರೆ ಸುಮಾರು 1.22, ಬೆಳ್ಳಿಯ ಮುಲಾಮು ಹಾಕಿದ ಹಿತ್ತಾಳೆಯಾದರೆ ಇನ್ನೂ ಹೆಚ್ಚು. ತೂಕವನ್ನು ಸರಿಹೊಂದಿಸಿದ ಖೋಟಾಗಾರನು ಗಾತ್ರದಲ್ಲಿ ಸಿಕ್ಕಿಬೀಳುತ್ತಾನೆ, ಗಾತ್ರವನ್ನು ಸರಿಹೊಂದಿಸಿದವನು ತೂಕದಲ್ಲಿ ಸಿಕ್ಕಿಬೀಳುತ್ತಾನೆ.

ಆದರೆ ಚಿನ್ನದ ನಾಣ್ಯಗಳ ವಿಷಯದಲ್ಲಿ ಈ ಪರೀಕ್ಷೆಯನ್ನು ಪೂರ್ತಿಯಾಗಿ ನೆಚ್ಚಲಾಗದು. ವಿಜಯನಗರದ ವರಹ ಸುಮಾರು 3.4 ಗ್ರಾಂ ತೂಗುತ್ತದೆ. ಕಂಠೀರವ ನರಸರಾಜ ಒಡೆಯರ ಹಣವಾದರೋ, ಒಂದು ಮುಖದಲ್ಲಿ ನರಸಿಂಹನನ್ನೂ ಇನ್ನೊಂದರಲ್ಲಿ ಮೂರು ಸಾಲು ನಾಗರಿಯಲ್ಲಿ ‘ಶ್ರೀ ಕಂಠೀರವ’ ಎಂಬ ಹೆಸರನ್ನೂ ಹೊತ್ತು, ಅರ್ಧ ಗ್ರಾಮಿಗೂ ಕಡಮೆಯಾದ ಕಿರುಬಿಲ್ಲೆ. ಇಂಥವುಗಳಲ್ಲಿ ಚಿನ್ನದ ಬೆಲೆಗೂ ಅಪೂರ್ವತೆಯ ಬೆಲೆಗೂ ಬಹಳ ಅಂತರವಿದ್ದಾಗ ಖೋಟಾಗಾರನು ಒಳ್ಳೆಯ ಚಿನ್ನವನ್ನೇ ಉಪಯೋಗಿಸಲು ಹಿಂಜರಿಯುವುದಿಲ್ಲ. ಆಗ ನೀರೂ ತಕ್ಕಡಿಯೂ ‘ಇದು ಚಿನ್ನ’ವೆಂದು ಸತ್ಯವನ್ನೇ ಹೇಳುತ್ತವೆ, ಇದು ಕೃಷ್ಣದೇವರಾಯನ ಚಿನ್ನವೆ ಎಂಬ ಪ್ರಶ್ನೆಗೆ ಅವು ಉತ್ತರವನ್ನು ಕೊಡಲಾರವು. ಅದನ್ನು ಹೇಳಬೇಕಾದುದು ಅಚ್ಚಿನ ಶೈಲಿ: ‘ಶ್ರೀ ಪ್ರತಾಪ ಕೃಷ್ಣರಾಯ’ ಎಂಬ ನಾಗರಿ ಅಕ್ಷರಗಳ ಬಳುಕು, ಕುಳಿತ ಬಾಲಕೃಷ್ಣನ ಕೈಕಾಲುಗಳ ನಿಲುವು, ಅಚ್ಚಿನ ಪೆಟ್ಟು ಬಿದ್ದಲ್ಲಿ ಲೋಹವು ಹರಿದ ಬಗೆ. ಅಂಥದನ್ನು ಕೇವಲ ಒಂದು ಚಿತ್ರದ ಬಲದಿಂದ ಕೊಳ್ಳುವುದು ಸಾಹಸವೆನ್ನಿಸಬಹುದೇ ಹೊರತು ವಿವೇಕವೆನ್ನಿಸಲಾರದು.

ಈ ವಿದ್ಯೆ ಹೊಸದಲ್ಲ. ಕಾರ್ಲ್ ವಿಲ್‌ಹೆಲ್ಮ್ ಬೆಕ್ಕರ್ ಎಂಬ ಜರ್ಮನ್ ಮಹಾಶಯನು, 1830ರಲ್ಲಿ ತೀರಿಕೊಂಡವನು, ಗ್ರೀಕ್ ರೋಮನ್ ನಾಣ್ಯಗಳ ಅಚ್ಚುಗಳನ್ನು ಉಕ್ಕಿನಲ್ಲಿ ತಾನೇ ಕೆತ್ತಿ, ಸವೆದುಹೋದ ನಿಜವಾದ ಪ್ರಾಚೀನ ನಾಣ್ಯಗಳ ಬೆಳ್ಳಿಯ ಮೇಲೆ ಅವನ್ನು ಒತ್ತಿ, ಹೊಸತನದ ಹೊಳಪನ್ನು ಕಳೆಯಲು ಕಬ್ಬಿಣದ ಪುಡಿಯೂ ಜಿಡ್ಡೂ ತುಂಬಿದ ಪೆಟ್ಟಿಗೆಯಲ್ಲಿ ಅವನ್ನಿಟ್ಟು, ಅದನ್ನು ತನ್ನ ಗಾಡಿಗೆ ಕಟ್ಟಿಕೊಂಡು ತಿರುಗಾಡುತ್ತಿದ್ದನಂತೆ. ಲೋಹವೂ ಪ್ರಾಚೀನ, ಸವಕಳಿಯೂ ಸಹಜ, ಸುಳ್ಳು ಅಚ್ಚಿನಲ್ಲಿ ಮಾತ್ರ. ಅವನ ಅಚ್ಚುಗಳು ಈಗ ಬರ್ಲಿನ್ನಿನ ನಾಣ್ಯಸಂಗ್ರಹದಲ್ಲಿದ್ದು, ವಿದ್ವಾಂಸರಿಗೆ ಖೋಟಾವನ್ನು ಗುರುತಿಸುವ ಅಳತೆಗೋಲುಗಳಾಗಿವೆ. ಅವನ ಕೃತಿಗಳನ್ನು ಬೆಕ್ಕರನ ಹೆಸರಿನಲ್ಲಿಯೇ ಶೇಖರಿಸುವವರೂ ಇದ್ದಾರೆ.

ಬೆಕ್ಕರನ ಜಾಣ್ಮೆ ಎಲ್ಲ ಖೋಟಾಗಾರರಿಗೂ ಇಲ್ಲದಿರುವುದು ನಮ್ಮ ಭಾಗ್ಯ. ಬಹುಮಂದಿ ಅಚ್ಚೊತ್ತುವ ತೊಂದರೆಗೆ ಹೋಗದೆ, ಸಾಚಾ ನಾಣ್ಯವೊಂದರಿಂದ ಪಡಿಯಚ್ಚನ್ನು ತೆಗೆದು ಕರಗಿದ ಲೋಹವನ್ನು ಎರೆಯುತ್ತಾರೆ. ಎರಕದ ನಾಣ್ಯದ ಅಕ್ಷರಗಳು ಬೆಣ್ಣೆಯಲ್ಲಿ ಒತ್ತಿದ ಅಚ್ಚಿನಂತೆ ಮೊನೆಯಿಲ್ಲದೆ ದುಂಡಗಾಗಿರುತ್ತವೆ; ಬಯಲಿನಲ್ಲಿ ಗಾಳಿಯ ಗುಳ್ಳೆಗಳ ಸಣ್ಣ ಕುಳಿಗಳೂ, ಮರಳಿನಂಥ ಒರಟೂ ಕಾಣುತ್ತವೆ; ಅಂಚಿನಲ್ಲಿ ಎರಡು ಪಡಿಯಚ್ಚುಗಳು ಕೂಡಿದ ಗೆರೆಯಿರುತ್ತದೆ, ಇಲ್ಲವೆ ಅದನ್ನು ಅರದಿಂದ ಉಜ್ಜಿದ ಗುರುತಿರುತ್ತದೆ. ಯಂತ್ರದ ಅಚ್ಚಿನಿಂದ ಹೊರಟ ನಾಣ್ಯದಲ್ಲಾದರೆ ಹೊಸದಾಗಿದ್ದಾಗ ಬಯಲು ನುಣುಪಾಗಿದ್ದು, ಬೆಳಕನ್ನು ಹೊರಳಿಸಿದರೆ ಕಾಂತಿಯು ಚಕ್ರದಂತೆ ತಿರುಗುತ್ತದೆ. ಅಂತರ್ಜಾಲವು ಮೋಸಕ್ಕೆ ಅವಕಾಶ ಕೊಟ್ಟಂತೆ ಅದರ ಪ್ರತೀಕಾರಕ್ಕೂ ಒಂದು ಉಪಾಯವನ್ನು ಕೊಟ್ಟಿದೆ. ಚಲಾವಣೆಯಲ್ಲಿ ಬಿದ್ದ ಗೀರು, ಅಂಚಿನ ಗಾಯ, ದೊರೆಯ ಕೆನ್ನೆಯ ಮೇಲಿನ ಚುಚ್ಚು ಇವು ಆಯಾ ನಾಣ್ಯದ ಸ್ವಂತ ಸ್ವತ್ತುಗಳು. ಎರಡು ಬೇರೆ ಬೇರೆ ನಾಣ್ಯಗಳ ಚಿತ್ರಗಳಲ್ಲಿ ಒಂದೇ ಗೀರು ಒಂದೇ ಎಡೆಯಲ್ಲಿ ಕಂಡುಬಂದರೆ ಎರಡೂ ಒಂದೇ ತಾಯಿನಾಣ್ಯದಿಂದ ಎರೆದ ಅಥವಾ ನಕಲಿಸಿದ ಮಕ್ಕಳೆಂದು ತಿಳಿಯಬಹುದು. ಹಳೆಯ ಹರಾಜುಗಳ ಚಿತ್ರಗಳು ಈಗ ಯಾರಿಗೂ ದೊರೆಯುವಂತಿರುವುದರಿಂದ ಈ ಹೋಲಿಕೆಯನ್ನು ಮನೆಯಲ್ಲಿ ಕುಳಿತೇ ಮಾಡಬಹುದು. ಹಾಗೆ ಹುಡುಕುವಾಗ, ಮಾರುವವನು ಹಾಕಿರುವ ಚಿತ್ರವು ಬೇರೊಂದು ಹರಾಜಿನಿಂದ ಎತ್ತಿದ್ದೆಂಬುದೂ ಎಷ್ಟೋ ವೇಳೆ ಹೊರಬೀಳುತ್ತದೆ.

ಇನ್ನು ಸಾಚಾ ನಾಣ್ಯದ ಹುಸಿ ವರ್ಣನೆಯನ್ನು ಕುರಿತು ಕೆಲವು ಮಾತು. ಇದರಲ್ಲಿ ಶಿಕ್ಷೆಗೆ ಸಿಕ್ಕದಂಥ ಚಾತುರ್ಯವಿದೆ. ಏಕೆಂದರೆ ಪ್ರಶ್ನಿಸಿದರೆ ಮಾರುವವನು ಅದನ್ನು ಅಭಿಪ್ರಾಯಭೇದವೆಂದು ಹೇಳಿ ಪಾರಾಗಬಹುದು. ನಮ್ಮ ಟಂಕಸಾಲೆಗಳು 1970ರ ಸುಮಾರಿನವರೆಗೂ ಹಿಂದಿನ ಶತಮಾನದ ಹಲವು ನಾಣ್ಯಗಳನ್ನು ಶೇಖರಿಸುವವರಿಗಾಗಿ ಮತ್ತೆ ಅಚ್ಚೊತ್ತಿ ಕೊಡುತ್ತಿದ್ದವು. 1835ರ ಸಿಂಹ ಮತ್ತು ತಾಳೆಮರದ ಚಿನ್ನದ ಎರಡು ಮೊಹರು ಇಂಥ ಪುನರ್ಮುದ್ರಣಗಳಲ್ಲಿ ಹೆಸರಾದುದು. ಪುನರ್ಮುದ್ರಣವೂ ಸರಕಾರಿ ಟಂಕಸಾಲೆಯ ವಸ್ತುವೇ, ಅದಕ್ಕೂ ತಕ್ಕ ಬೆಲೆಯಿದೆ. ಆದರೆ ಅದನ್ನು ಮೂಲದ ಬೆಲೆಗೆ ಮಾರುವುದು ಮೋಸ. ವಿಕ್ಟೋರಿಯಾ ರಾಣಿಯ 1862ರ ರೂಪಾಯಿಯಲ್ಲಿ ಇನ್ನೊಂದು ಬಗೆಯ ಗೊಂದಲವಿದೆ: ಆ ಇಸವಿಯನ್ನು ಬದಲಿಸದೆ 1874ರವರೆಗೂ ಅಚ್ಚೊತ್ತಿದುದರಿಂದ, ನಿಜವಾದ ವರ್ಷವನ್ನು ಮುಂಬಯಿಯ ರೂಪಾಯಿಗಳಲ್ಲಿ ಹಿಂಬದಿಯ ಚುಕ್ಕೆಗಳಿಂದ ಗುರುತಿಸಬೇಕಾಗುತ್ತದೆ. ‘1862, ಬಹಳ ವಿರಳ’ ಎಂದು ಬರೆದವನು ಚುಕ್ಕೆಗಳನ್ನು ಎಣಿಸಿರುವನೋ ಇಲ್ಲವೋ ನೋಡಬೇಕು. ಬಹುತೇಕ ಆ ರೂಪಾಯಿ ಬೆಳ್ಳಿಯ ಬೆಲೆಗಿಂತ ಅಷ್ಟೇನೂ ಮೇಲೆ ಹೋಗದ ಸಾಮಾನ್ಯ ನಾಣ್ಯ.

ನಮ್ಮ ಹಳೆಯ ರೂಪಾಯಿಗಳ ಮತ್ತೊಂದು ವಿಶೇಷವೆಂದರೆ, ಅವುಗಳಲ್ಲಿ ಎಷ್ಟೋ ಹೆಂಗಸರ ಕೊರಳಿನಲ್ಲಿ ಕಾಸಿನಸರವಾಗಿ ಬಾಳಿದವು. ಸರದಿಂದ ಬಿಡಿಸಿದ ನಾಣ್ಯದ ನೆತ್ತಿಯಲ್ಲಿ ಬೆಸುಗೆಯ ಕಲೆಯಿರುತ್ತದೆ, ಇಲ್ಲವೆ ತೂತನ್ನು ಮುಚ್ಚಿದ ಗುರುತಿರುತ್ತದೆ; ಮಾರುವವನು ಆ ಭಾಗವನ್ನು ನೆರಳಿಗೆ ತಿರುಗಿಸಿ ಚಿತ್ರ ತೆಗೆದು ‘ಉತ್ತಮ ಸ್ಥಿತಿ’ ಎಂದು ಬರೆಯುತ್ತಾನೆ. ಹುಣಿಸೆಹಣ್ಣು, ಪಾಲಿಶಿನ ಪುಡಿಗಳಿಂದ ಉಜ್ಜಿದ ನಾಣ್ಯ ಥಳಥಳಿಸುವುದನ್ನು ಕಂಡು ಹೊಸಬನು ಮಾರುಹೋಗುತ್ತಾನೆ. ಅನುಭವಿಯು ಆ ಹೊಳಪಿನಲ್ಲಿ ಒಂದೇ ದಿಕ್ಕಿಗೆ ಓಡುವ ಕೂದಲೆಳೆಯಂಥ ಗೀರುಗಳನ್ನು ಕಂಡು ದೂರ ಸರಿಯುತ್ತಾನೆ. ಹಡಗಿನ ಅವಶೇಷವೆಂಬ ಮಾತೂ ಹೀಗೆಯೇ. 1808ರಲ್ಲಿ ಇಂಗ್ಲೆಂಡಿನ ಸೊಹೊ ಟಂಕಸಾಲೆಯಲ್ಲಿ ಮದರಾಸಿಗಾಗಿ ಒತ್ತಿದ ಹತ್ತು ಕಾಸು, ಇಪ್ಪತ್ತು ಕಾಸುಗಳನ್ನು ಹೊತ್ತು ಬರುತ್ತಿದ್ದ ‘ಅಡ್ಮಿರಲ್ ಗಾರ್ಡ್ನರ್’ ಎಂಬ ಹಡಗು 1809ರ ಜನವರಿಯಲ್ಲಿ ಗುಡ್‌ವಿನ್ ಮರಳದಿಣ್ಣೆಗಳ ಮೇಲೆ ಒಡೆದುಹೋಯಿತು. 1980ರ ದಶಕದಲ್ಲಿ ಅದರ ನಾಣ್ಯಗಳನ್ನು ರಾಶಿರಾಶಿಯಾಗಿ ಮೇಲೆತ್ತಿದರು. ಆ ಕಾಸುಗಳು ನಿಜ, ಕಥೆ ನಿಜ. ಆದರೆ ರಾಶಿಯಾಗಿ ದೊರೆತ ವಸ್ತುವನ್ನು ‘ಕೋಟಿಗೊಂದು’ ಎಂದು ಕರೆಯುವುದೂ, ಉಪ್ಪುನೀರು ತಿಂದ ಮೈಯನ್ನು ‘ಬಳಕೆಯಾಗದ ಹೊಸ ನಾಣ್ಯ’ವೆಂದು ಕರೆಯುವುದೂ ನಿಜವಲ್ಲ.

ವರ್ಣನೆಯ ಸುಳ್ಳು ಅತಿಶಯಕ್ಕೆ ಏರಿದರೆ ಎಲ್ಲಿಯವರೆಗೆ ಹೋಗಬಹುದೆಂಬುದಕ್ಕೆ ವೈಷ್ಣೋದೇವಿಯ ಚಿತ್ರವುಳ್ಳ 2012ರ ಐದು, ಹತ್ತು ರೂಪಾಯಿಯ ನಾಣ್ಯಗಳನ್ನು ನೆನೆಯಬಹುದು. ಅವು ಚಲಾವಣೆಗಾಗಿ ಹೊರಟ ಸ್ಮಾರಕ ನಾಣ್ಯಗಳು. ಆದರೂ ಅವನ್ನು ಯಾರೋ ಲಕ್ಷಗಟ್ಟಲೆ ಕೊಟ್ಟು ಕೊಳ್ಳುತ್ತಾರೆಂಬ ಸುದ್ದಿ ಹಬ್ಬಿತು. ಇಂಥ ಸುದ್ದಿಗಳ ಹಿಂದೆ ಹೋದವರಿಗೆ ದೂರವಾಣಿಯಲ್ಲಿ ಕೊಳ್ಳುವವನೊಬ್ಬನು ಸಿಕ್ಕಿ, ರಿಸರ್ವ್ ಬ್ಯಾಂಕಿನ ಹೆಸರನ್ನೂ ಲಾಂಛನವನ್ನೂ ತೋರಿಸಿ, ಶುಲ್ಕ, ಕಮಿಷನ್, ತೆರಿಗೆಗಳೆಂದು ಮುಂಗಡ ಹಣವನ್ನು ಕಿತ್ತುಕೊಳ್ಳುವುದು ಹೆಚ್ಚಿದಾಗ, ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿ ತಾನು ಅಂಥ ವ್ಯವಹಾರಗಳಲ್ಲಿ ತೊಡಗುವುದಿಲ್ಲವೆಂದೂ, ತನ್ನ ಪರವಾಗಿ ಹಣ ಪಡೆಯಲು ಯಾರಿಗೂ ಅಧಿಕಾರ ಕೊಟ್ಟಿಲ್ಲವೆಂದೂ ಎಚ್ಚರಿಸಬೇಕಾಯಿತು. ಇಲ್ಲಿ ಮೋಸಹೋಗುವವನು ನಾಣ್ಯವನ್ನು ಕೊಳ್ಳುವವನಲ್ಲ, ಮಾರಹೊರಟವನು. ಮಾರುವವನು ತಾನು ಪಡೆಯಬೇಕಾದ ಬೆಲೆಗಾಗಿ ತಾನೇ ಮೊದಲು ಹಣ ತೆರಬೇಕೆಂಬ ವ್ಯಾಪಾರವು ಲೋಕದಲ್ಲಿ ಎಲ್ಲಿಯೂ ಇಲ್ಲವೆಂಬುದನ್ನು ಆಸೆಯು ಮರೆಸಿಬಿಡುತ್ತದೆ.

ಇಷ್ಟೆಲ್ಲ ತೊಡಕುಗಳಿಂದ ತಪ್ಪಿಸಿಕೊಳ್ಳಲೆಂದು ಕೆಲವರು, ಅಮೆರಿಕದ ಎನ್‌ಜಿಸಿ, ಪಿಸಿಜಿಎಸ್ ಮುಂತಾದ ಸಂಸ್ಥೆಗಳು ಪರೀಕ್ಷಿಸಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುದ್ರೆಮಾಡಿದ ನಾಣ್ಯಗಳನ್ನೇ ಕೊಳ್ಳುತ್ತಾರೆ. ಇದು ಒಳ್ಳೆಯ ಏರ್ಪಾಡು. ಆದರೆ ನಾಣ್ಯವನ್ನು ನಕಲು ಮಾಡಬಲ್ಲವನು ಪೆಟ್ಟಿಗೆಯನ್ನೂ ಚೀಟಿಯನ್ನೂ ನಕಲು ಮಾಡಬಲ್ಲನು, ಮಾಡಿಯೂ ಇದ್ದಾನೆ. ಚೀಟಿಯ ಮೇಲಿನ ಸಂಖ್ಯೆಯನ್ನು ಆ ಸಂಸ್ಥೆಯ ಜಾಲತಾಣದಲ್ಲಿ ತಾನೇ ಹುಡುಕಿ, ಅಲ್ಲಿ ಚಿತ್ರವಿದ್ದರೆ ಗೀರಿಗೆ ಗೀರನ್ನು ಹೋಲಿಸಿ ನೋಡಿದ ಮೇಲೆಯೇ ಆ ಪೆಟ್ಟಿಗೆಗೆ ಬೆಲೆ. ಸಂಸ್ಥೆಯ ಹೆಸರನ್ನೇ ಕೇಳಿರದ ಯಾವುದೋ ‘ಪ್ರಮಾಣಪತ್ರ’ವು, ಮಾರುವವನೇ ಮುದ್ರಿಸಿಕೊಂಡ ಕಾಗದವಾಗಿರಬಹುದಾದುದರಿಂದ, ವರ್ಣನೆಯ ಇನ್ನೊಂದು ಪುಟವೆಂದು ಭಾವಿಸತಕ್ಕದ್ದು.

ಮಾರುವವನ ನಡತೆಯೂ ಓದಬೇಕಾದ ಶಾಸನವೇ. ‘ನನಗೆ ನಾಣ್ಯಗಳ ವಿಷಯ ತಿಳಿಯದು, ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿತು, ಚಿತ್ರ ನೋಡಿ ನೀವೇ ತೀರ್ಮಾನಿಸಿ, ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ’ ಎಂದು ಬರೆಯುವವನು ಅದೇ ವಾರದಲ್ಲಿ ಅಂಥವೇ ಇಪ್ಪತ್ತು ನಾಣ್ಯಗಳನ್ನು ಮಾರುತ್ತಿದ್ದರೆ, ಅವನ ಅಜ್ಞಾನವು ಎಷ್ಟರಮಟ್ಟಿನದೆಂದು ಊಹಿಸಬಹುದು. ಅವನು ಹಿಂದೆ ಮಾರಿದ ವಸ್ತುಗಳ ಪಟ್ಟಿಯನ್ನು ನೋಡಬೇಕು. ಒಂದೇ ವಿರಳ ನಾಣ್ಯ ಅವನ ಕೈಯಿಂದ ಮತ್ತೆ ಮತ್ತೆ ಹೊರಟಿದ್ದರೆ ಅದು ವಿರಳವಲ್ಲ, ಅಥವಾ ನಾಣ್ಯವಲ್ಲ. ಬೆಲೆಯನ್ನೇರಿಸಲು ಮಾರುವವನ ಆಪ್ತರೇ ಕೂಗು ಹಾಕುವುದು ಹಳೆಯ ಹರಾಜಿನಲ್ಲಿಯೂ ಇತ್ತು, ಹೊಸದರಲ್ಲಿಯೂ ಇದೆ. ಇದಕ್ಕೆ ಮದ್ದೆಂದರೆ ತಾನು ಕೊಡಬಹುದಾದ ಪರಮಾವಧಿಯನ್ನು ಮೊದಲೇ ಗೊತ್ತುಮಾಡಿಕೊಂಡು ಅದನ್ನು ದಾಟದಿರುವುದು. ಹರಾಜಿನ ಏರ್ಪಾಡನ್ನು ಬಿಟ್ಟು ನೇರವಾಗಿ ಹಣ ಕಳಿಸಿರೆಂದು ಕೇಳುವವನಿಗೆ ಹಣ ಕಳಿಸಿದರೆ, ಆಮೇಲೆ ದೂರುಕೊಡಲು ಕೂಡ ಕಟ್ಟೆಯಿರುವುದಿಲ್ಲ.

ಕಾಯಿದೆಯನ್ನೂ ಮರೆಯಬಾರದು. 1972ರ ಪ್ರಾಚೀನ ವಸ್ತುಗಳ ಕಾಯಿದೆಯಂತೆ ನೂರು ವರ್ಷ ತುಂಬಿದ ನಾಣ್ಯವೂ ಪ್ರಾಚೀನ ವಸ್ತುವೇ ಆದುದರಿಂದ, ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಹೊರದೇಶದಲ್ಲಿ ನೆಲೆಸಿದ ಕನ್ನಡಿಗರು ಊರಿನ ನೆನಪಿಗಾಗಿ ಇಲ್ಲಿಂದ ಟಿಪ್ಪುವಿನ ಕಾಸನ್ನೋ ವರಹವನ್ನೋ ತರಿಸಿಕೊಳ್ಳುವ ಮೊದಲು ಇದನ್ನು ತಿಳಿದಿರುವುದು ಅಗತ್ಯ. ‘ಹೊಲ ಉಳುವಾಗ ಸಿಕ್ಕಿದ ಗಂಟು’ ಎಂದು ವರ್ಣಿಸಿ ಮಾರುವವನ ಮಾತು ನಿಜವಾದರೆ, ಹತ್ತು ರೂಪಾಯಿಗೆ ಮೀರಿದ ನಿಧಿಯನ್ನು ಅಧಿಕಾರಿಗೆ ತಿಳಿಸಬೇಕೆಂಬ 1878ರ ನಿಧಿ ಕಾಯಿದೆಯನ್ನು ಅವನು ಉಲ್ಲಂಘಿಸಿದ್ದಾನೆ. ಸುಳ್ಳಾದರೆ ಕೊಳ್ಳುವವನನ್ನು ವಂಚಿಸುತ್ತಿದ್ದಾನೆ. ಎರಡರಲ್ಲಿ ಯಾವುದಾದರೂ ಆ ವ್ಯಾಪಾರದಿಂದ ದೂರವಿರುವುದೇ ಕ್ಷೇಮ.

ಹೊಸದಾಗಿ ಈ ಹವ್ಯಾಸಕ್ಕೆ ಬರುವವರು ವಿರಳವಾದುದರಿಂದ ಆರಂಭಿಸುವುದೇ ಬಹುಪಾಲು ಕಷ್ಟಗಳಿಗೆ ಮೂಲ. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸುಗಳು, ಮೈಸೂರಿನ ಟಂಕಸಾಲೆ 1833ರಲ್ಲಿ ಬೆಂಗಳೂರಿಗೆ ಬಂದು 1843ರಲ್ಲಿ ಮುಚ್ಚಿಹೋಗುವವರೆಗೆ ಹೇರಳವಾಗಿ ಹೊರಟವು, ಇಂದಿಗೂ ಅಲ್ಪ ಬೆಲೆಗೆ ದೊರೆಯುತ್ತವೆ. ಕನ್ನಡದಲ್ಲಿ ‘ಮಯಿಲಿ ಕಾಸು’ ಎಂದೂ ಇಂಗ್ಲಿಷಿನಲ್ಲಿ ಅದರ ಮೌಲ್ಯವನ್ನೂ ಬರೆದ ಈ ನಾಣ್ಯಗಳನ್ನು ನಂಬಿಗಸ್ತನಾದ ವರ್ತಕನಿಂದಲೋ ಊರಿನ ನಾಣ್ಯಪ್ರದರ್ಶನದಲ್ಲಿಯೋ ಕೈಯಿಂದ ಮುಟ್ಟಿ ಕೊಂಡು, ತೂಗಿ, ಗ್ರಂಥದ ಚಿತ್ರದೊಡನೆ ಹೋಲಿಸಿ, ಅಚ್ಚಿನ ಪೆಟ್ಟು ಹೇಗಿರುತ್ತದೆ, ಸಹಜವಾದ ಸವಕಳಿ ಮೊದಲು ಎಲ್ಲಿ ಕಾಣುತ್ತದೆ, ಹಳೆಯ ತಾಮ್ರ ಯಾವ ಬಣ್ಣಕ್ಕೆ ತಿರುಗುತ್ತದೆ ಎಂಬುದನ್ನು ಕಣ್ಣು ಕಲಿತ ಮೇಲೆ, ಅಂತರ್ಜಾಲದ ಚಿತ್ರವೂ ಬೇರೆಯಾಗಿಯೇ ಕಾಣುತ್ತದೆ. ಅಲ್ಲಿಯವರೆಗೆ ಹರಾಜಿನ ಗಡಿಯಾರ ಎಷ್ಟೇ ಅವಸರಪಡಿಸಿದರೂ ಕೊಳ್ಳದೆ ಸುಮ್ಮನಿರುವುದರಿಂದ ಯಾವ ಹಾನಿಯೂ ಇಲ್ಲ. ಸಾಚಾ ನಾಣ್ಯವಾದರೆ ಅದರ ಜೊತೆಯದು ಮತ್ತೊಂದು ಇಂದಲ್ಲ ನಾಳೆ ಮಾರಾಟಕ್ಕೆ ಬಂದೇ ಬರುತ್ತದೆ. ಖೋಟಾ ಆಗಿದ್ದರೆ, ಅದು ಕೈತಪ್ಪಿದುದೇ ಲಾಭ.